20 ಡಿಗ್ರಿಯಲ್ಲಿ ನಡುಗುವ ಬೆನ್ನು

ಕಾರವಾರದಲ್ಲಿ ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲೂ ಇಲ್ಲಿ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೂ ದಂಡೆಯ ಗಾಳಿಮರಗಳ ನಡುವೆ ನೈಲಾನ್ ಹ್ಯಾಮಕ್ ಕಟ್ಟಿ ಮಲಗಿದವರಿಗೆ ನಡುರಾತ್ರಿ ದಾಟುತ್ತಲೇ ಎಚ್ಚರವಾಗುತ್ತದೆ. ಹೊದ್ದ ಎದೆ ಬೆಚ್ಚಗೇ ಇರುತ್ತದೆ, ಬೆನ್ನು ಮಾತ್ರ ಕೊರೆಯುತ್ತದೆ. ಅದೇ ದಂಡೆಯಲ್ಲಿ, ನಾಲ್ಕು ಮಾರು ಆಚೆ, ಬಲೆಯ ರಾಶಿಯ ಮೇಲೆ ಒರಗಿದ ಮೀನುಗಾರನಿಗೆ ಒಳ್ಳೆಯ ನಿದ್ದೆ.

ಚಳಿ ಇಷ್ಟಕ್ಕೇ ನಿಂತಿರುವುದು ಕಡಲಿನ ದೆಸೆಯಿಂದ. ಒಂದು ಘನ ಮೀಟರ್ ಸಮುದ್ರದ ನೀರು ಒಂದೇ ಒಂದು ಡಿಗ್ರಿ ತಣಿದರೆ ಸಾಕು, ಅದು ಬಿಟ್ಟುಕೊಟ್ಟ ಶಾಖದಿಂದ 3,000ಕ್ಕೂ ಹೆಚ್ಚು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಬಹುದು. ಆ ಲೆಕ್ಕದಲ್ಲಿ ಅರಬ್ಬೀ ಸಮುದ್ರ ಎಷ್ಟು ದೊಡ್ಡ ಒಲೆಯೆಂದು ಊಹಿಸಿಕೊಳ್ಳಿ. ಆದರೆ ರಾತ್ರಿ ಬೀಸುವುದು ಕಡಲ ಗಾಳಿಯಲ್ಲ, ನೆಲದ ಗಾಳಿ. ಕಾಳಿ, ಗಂಗಾವಳಿ ಕಣಿವೆಗಳಗುಂಟ ಸಹ್ಯಾದ್ರಿಯ ಕಡೆಯಿಂದ ಇಳಿದು, ಹ್ಯಾಮಕ್ಕಿನ ಅಡಿಯಲ್ಲಿ ನುಸುಳಿಯೇ ಅದು ಕಡಲಿಗೆ ಹೋಗಬೇಕು.

ಅದಕ್ಕೆ ಎದುರಾಗಿ ನಮ್ಮ ಬಳಿ ಇರುವುದು ಏನು? ಮಲಗಿದ ವಯಸ್ಕನ ದೇಹ ಉತ್ಪಾದಿಸುವ ಶಾಖ ಸುಮಾರು 75 ವ್ಯಾಟ್, ಹಳೆಯ ಕಾಲದ ಒಂದು ಬುರುಡೆ ಬಲ್ಬಿನಷ್ಟು. ಎಂಟು ತಾಸಿನ ನಿದ್ದೆಗೆ ಒಟ್ಟು ಸುಮಾರು 500 ಕಿಲೋಕ್ಯಾಲರಿ. ಅಂದರೆ 150 ಗ್ರಾಂ ಕುಚ್ಚಲಕ್ಕಿ. ಇಡೀ ರಾತ್ರಿ ಒಬ್ಬ ಮನುಷ್ಯನನ್ನು 37 ಡಿಗ್ರಿಯಲ್ಲಿ ಹಿಡಿದಿಡುವ ಇಂಧನ ಅಷ್ಟೇ!

ಇನ್ನು ಖರ್ಚಿನ ಕಡೆ ನೋಡಬೇಕು. ಇಲ್ಲಿಯ ಅಂಕಿಗಳು ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತವೆ. 33 ಡಿಗ್ರಿಯ ಬರಿಯ ಚರ್ಮ, ಕತ್ತಲಲ್ಲಿ, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಪ್ರತಿ ಚದರ ಮೀಟರಿಗೆ ಸುಮಾರು 500 ವ್ಯಾಟ್ ಹೊರಸೂಸುತ್ತಲೇ ಇರುತ್ತದೆ. ಮೈಚರ್ಮದ ವಿಸ್ತೀರ್ಣ ಸುಮಾರು 1.7 ಚದರ ಮೀಟರ್. 75 ವ್ಯಾಟ್ ದುಡಿಯುವ ದೇಹ ನೂರಾರು ವ್ಯಾಟ್ ಚೆಲ್ಲಿಯೂ ಬದುಕುವುದು ಹೇಗೆ? ಸುತ್ತಲಿನ ಜಗತ್ತು ವಾಪಸು ಕೊಡುತ್ತಿರುವುದರಿಂದ. 20 ಡಿಗ್ರಿಯ ಮರ, ಮರಳು, ಗೋಡೆ ಎಲ್ಲವೂ ಚದರ ಮೀಟರಿಗೆ 420 ವ್ಯಾಟಿನಂತೆ ನಮ್ಮ ಕಡೆಗೆ ಹಿಂದಿರುಗಿಸುತ್ತವೆ. ನಮಗೆ ಚಳಿ ಎನಿಸುವುದು ನಡುವಿನ ಆ 80 ವ್ಯಾಟಿನ ವ್ಯತ್ಯಾಸ ಮಾತ್ರ.

ನಿಚ್ಚಳ ಆಕಾಶ ಮಾತ್ರ ಅಷ್ಟು ಉದಾರಿಯಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ಅದು ಗಾಳಿಗಿಂತ ಹತ್ತಾರು ಡಿಗ್ರಿ ತಣ್ಣಗಿರುವ ಛಾವಣಿಯಂತೆ ವರ್ತಿಸುತ್ತದೆ, ಕೊಟ್ಟದ್ದಕ್ಕಿಂತ ಬಹಳ ಕಡಿಮೆ ಮರಳಿಸುತ್ತದೆ. ಆದ್ದರಿಂದ ಗಾಳಿಮರದ ತೆಳು ಸೂಜಿಗಳ ಅಡಿಗಿಂತ ಅಂಕೋಲಾದ ಕರಿ ಇಶಾಡ ಮಾವಿನ ದಟ್ಟ ಕೊಂಬೆಗಳ ಕೆಳಗೆ ರಾತ್ರಿ ಬೆಚ್ಚಗೆ. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಸಾಕಿದ ಸಸಿಗಳು ಸಾವಿರಗಟ್ಟಲೆ. ಅವು ಬೆಳೆದು ಹಬ್ಬಿದಲ್ಲೆಲ್ಲ ಪ್ರತಿ ರಾತ್ರಿ ಈ ಶಾಖ ನೆಲಕ್ಕೆ ಮರಳುತ್ತಿದೆ ಎಂದು ನೆನೆದರೆ ಆ ತಾಯಿಗೆ ಕೈ ಮುಗಿಯಬೇಕೆನಿಸುತ್ತದೆ.

ಈಗ ಬೆನ್ನಿನ ವಿಷಯ. ಹೊದಿಕೆ ನಮ್ಮನ್ನು ಬೆಚ್ಚಗಿಡುವುದು ನೂಲಿನಿಂದಲ್ಲ, ನೂಲಿನ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಹಾವೇರಿ, ಚಳ್ಳಕೆರೆ ಕಡೆಯ ಕುರುಬರು ನೇಯ್ದ ಕರಿ ಕಂಬಳಿಯ ಗಾತ್ರದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಗಾಳಿಯೇ. ನಿಂತ ಗಾಳಿಯ ಮೂಲಕ ಶಾಖ ದಾಟುವುದು ನೀರಿನ ಮೂಲಕ ದಾಟುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ನಿಧಾನ. ಹ್ಯಾಮಕ್ಕಿನ ಒಳಗೆ ಎಷ್ಟೇ ದಪ್ಪ ಸ್ಲೀಪಿಂಗ್ ಬ್ಯಾಗ್ ಹಾಸಿದರೂ 60 ಕಿಲೋ ಮೈಭಾರ ಅದರ ಗಾಳಿಯನ್ನೆಲ್ಲ ಹಿಂಡಿಬಿಡುತ್ತದೆ. ಉಳಿಯುವುದು ಬಟ್ಟೆಯ ಪದರ, ಅದರಾಚೆ ಬೀಸುವ ಗಾಳಿ. ಅರ್ಧ ಚದರ ಮೀಟರ್ ಬೆನ್ನನ್ನು ಆಗ 33 ಡಿಗ್ರಿಯಲ್ಲೇ ಉಳಿಸಿಕೊಳ್ಳಲು 60 ವ್ಯಾಟ್‌ಗೂ ಹೆಚ್ಚು ಬೇಕು. ಅಂದರೆ ಇಡೀ ದೇಹದ ದುಡಿಮೆಯ ಬಹುಪಾಲು ಬೆನ್ನೊಂದರಿಂದಲೇ ಸೋರಿಹೋದಂತೆ. ಅದೇ ಬೆನ್ನಿನ ಕೆಳಗೆ ನಾಲ್ಕು ಸೆಂಟಿಮೀಟರ್ ಗಾಳಿ ಅಲುಗದೆ ನಿಂತರೆ ನಷ್ಟ ಸುಮಾರು 7 ವ್ಯಾಟ್. ನಾಲ್ಕು ಸೆಂಟಿಮೀಟರ್, ಸುಮಾರು ಎರಡು ಬೆರಳಗಲ! ಬಲೆಯ ರಾಶಿಯ ಮೇಲಿನ ನಿದ್ದೆಯ ಗುಟ್ಟೂ ಇದೇ: ಕೆಳಗೆ ಹಗಲ ಬಿಸಿಲು ಕುಡಿದ ಮರಳು, ನಡುವೆ ಸಾವಿರಾರು ಕಣ್ಣುಗಳಲ್ಲಿ ಹಿಡಿದಿಟ್ಟ ಗಾಳಿ.

ಆದ್ದರಿಂದ ಕಂಬಳಿಯನ್ನು ಹ್ಯಾಮಕ್ಕಿನ ಒಳಗೆ ಹಾಸದೆ ಹೊರಗೆ, ಅಡಿಯಲ್ಲಿ, ತುಸು ಸಡಿಲವಾಗಿ ತೂಗುಹಾಕಬೇಕು. ಅದು ಮೈಗೆ ತಾಗಿದಂತಿರಬೇಕು, ಆದರೆ ಭಾರಕ್ಕೆ ಸಿಕ್ಕಬಾರದು. ಎರಡೂ ತುದಿ ಬಿಗಿದು ಗಾಳಿ ನುಸುಳದಂತೆ ಮಾಡಬೇಕು. ಕಂಬಳಿ ಇಲ್ಲದಿದ್ದರೆ ಎರಡು ಗೋಣಿಚೀಲದ ನಡುವೆ ಒಣಹುಲ್ಲು ಅಥವಾ ದರಕು (ಒಣ ತರಗೆಲೆ) ತುಂಬಿ ಕಟ್ಟಿದರೂ ಆದೀತು.

ಕರಾವಳಿಯಲ್ಲಿ ಇಬ್ಬನಿಯ ಕಾಟವೂ ಇದೆ. ಇಲ್ಲೂ ಉಣ್ಣೆಯೇ ಗೆಲ್ಲುತ್ತದೆ: ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವವನ್ನು ಎಳೆಯ ಒಳಕ್ಕೇ ಹೀರಿಕೊಂಡು, ಹಾಗೆ ಹೀರುವಾಗ ತಾನೇ ಒಂದಷ್ಟು ಶಾಖ ಬಿಡುತ್ತದೆ. ಹತ್ತಿಯ ರಜಾಯಿಗೆ ಇದು ಇಷ್ಟರ ಮಟ್ಟಿಗೆ ಸಾಧ್ಯವಿಲ್ಲ.

ಇಷ್ಟೆಲ್ಲ ಮಾಡಿದರೂ ನಸುಕಿನ ನಾಲ್ಕು, ಐದರ ಹೊತ್ತಿಗೆ ಒಂದು ಇಕ್ಕಟ್ಟು ಕಾದಿರುತ್ತದೆ. ಆಗ ದೇಹದ ಸ್ವಂತ ಉಷ್ಣಾಂಶವೇ ದಿನದ ಅತಿ ಕೆಳಮಟ್ಟದಲ್ಲಿರುತ್ತದೆ, ಹೊರಗಿನ ಗಾಳಿಯೂ ತನ್ನ ತಳ ಮುಟ್ಟುವುದರಲ್ಲಿರುತ್ತದೆ. ಅದಕ್ಕೇ ಮಲಗುವ ಮೊದಲು ಹೊಟ್ಟೆ ತುಂಬ ಗಂಜಿ ಕುಡಿಯಿರಿ, ತಲೆಗೊಂದು ಮಫ್ಲರ್ ಸುತ್ತಿರಿ.