ಗಾಜಿನ ತೊಟ್ಟಿಯಲ್ಲಿ ಖಾಲಿ ಬಿಟ್ಟ ಜಾಗ

ನಾಲ್ಕೇ ದಿನದಲ್ಲಿ ಆರು ಮೀನು ಸತ್ತವು. ತಂದಿದ್ದೇ ಹತ್ತು ನಿಯಾನ್ ಟೆಟ್ರಾ. ಮೊದಲ ಸಂಬಳದಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ ಕೊಂಡು, ಅಂದೇ ನೀರು ತುಂಬಿಸಿ, ಮರುದಿನವೇ ಮೀನು ಬಿಟ್ಟಿದ್ದೆ. ನೀಲಿ ಕಲ್ಲು, ಪ್ಲಾಸ್ಟಿಕ್ ಕೋಟೆ, ಬಾಯಿ ತೆರೆದು ಗುಳ್ಳೆ ಬಿಡುವ ಚಿಪ್ಪು, ಅಂಗಡಿಯಲ್ಲಿದ್ದ ಏಳೂ ಬಗೆಯ ಗಿಡ, ಏನನ್ನೂ ಬಿಟ್ಟಿರಲಿಲ್ಲ. ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿದ್ದೆ.

ಆ ಭಾನುವಾರ ಊರಿಂದ ಅಪ್ಪ ಬಂದರು. ಅಡಿಕೆ ತೋಟ ಬಿಟ್ಟು ಬೆಂಗಳೂರಿಗೆ ಬರುವುದೇ ಅಪರೂಪ. ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತು, ‘ಎಂಥ ಮಾರಾಯ್ತಿ ಇದು, ಜಾತ್ರೆ ಅಂಗಡಿ ಥರ! ಮೀನಿಗೆ ಓಡಾಡಲಿಕ್ಕೆ ಜಾಗ ಎಲ್ಲಿದೆ? ತೋಟದಲ್ಲಿ ಸಾಲಿನ ನಡುವೆ ಬಸಿಗಾಲುವೆ ಬಿಡ್ತೇವಲ್ಲ, ಜಾಗ ದಂಡ ಆಯ್ತು ಅಂತ ಅಲ್ಲೂ ಸಸಿ ನೆಟ್ಟರೆ ಏನಾಗ್ತದೆ?’ ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ನಿಜ ಹೇಳಬೇಕೆಂದರೆ ಮೀನು ಸತ್ತದ್ದು ಕೋಟೆಯಿಂದಲ್ಲ, ನನ್ನ ಅವಸರದಿಂದ. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನಲ್ಲಿ, ಮಣ್ಣಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಾನು ಒಂದು ದಿನವೂ ಕೊಟ್ಟಿರಲಿಲ್ಲ. ಉಳಿದ ನಾಲ್ಕು ಮೀನುಗಳನ್ನು, ಎರಡು ವರ್ಷದಿಂದ ಅಕ್ವೇರಿಯಂ ಇಟ್ಟಿದ್ದ ಗೆಳತಿಯ ಮನೆಗೆ ಸಾಗಿಸಿದೆ. ಅವನ್ನು ವಾಪಸ್ ತರುವಂತೆ ತೊಟ್ಟಿಯನ್ನು ಸಿದ್ಧ ಮಾಡುವುದು, ಇಲ್ಲವೇ ಯಾರಿಗಾದರೂ ಕೊಟ್ಟುಬಿಡುವುದು ಎಂದು ನಿರ್ಧರಿಸಿ ಎಲ್ಲವನ್ನೂ ಖಾಲಿ ಮಾಡಿದೆ.

ಓದುತ್ತಾ ಹೋದಾಗ ಸಿಕ್ಕಿದ ಹೆಸರು ಜಪಾನಿನ ತಕಾಶಿ ಅಮಾನೊ. 1954ರಲ್ಲಿ ಹುಟ್ಟಿದ ಅವರು ಕಾಡುಗಳ ಫೋಟೊ ತೆಗೆಯುತ್ತಿದ್ದ ಛಾಯಾಗ್ರಾಹಕ. ಕಾಡಿನಲ್ಲಿ ಕಂಡದ್ದನ್ನು ನೀರಿನೊಳಗೆ ತಂದು ‘ನೇಚರ್ ಅಕ್ವೇರಿಯಂ’ ಎಂಬ ಶೈಲಿಯನ್ನೇ ಬೆಳೆಸಿದರು. 2015ರಲ್ಲಿ, ತೀರಿಕೊಂಡ ವರ್ಷವೇ, ಪೋರ್ಚುಗಲ್‌ನ ಲಿಸ್ಬನ್ ಓಷನೇರಿಯಂನಲ್ಲಿ 40 ಮೀಟರ್ ಉದ್ದದ ತೊಟ್ಟಿಯಲ್ಲಿ ನೀರೊಳಗಿನ ಕಾಡು ಕಟ್ಟಿಕೊಟ್ಟರು. ಅವರ ತೊಟ್ಟಿಗಳ ಚಿತ್ರ ನೋಡುವಾಗ ನನಗೆ ಮೊದಲು ಕಂಡದ್ದು ಗಿಡವಲ್ಲ, ಗಿಡಗಳ ನಡುವೆ ಬಿಟ್ಟ ಖಾಲಿ ಜಾಗ. ಅಪ್ಪ ಹೇಳಿದ್ದೂ ಇದನ್ನೇ ಅಲ್ಲವೇ ಅನ್ನಿಸಿತು.

ಎರಡನೇ ಸಲ ಪೇಪರಿನ ಮೇಲೆ ನಕ್ಷೆ ಬರೆದುಕೊಂಡೆ. ಬಣ್ಣದ ಕಲ್ಲಿನ ಬದಲು ಅಕ್ವೇರಿಯಂ ಮಣ್ಣು ತಂದು, ಮುಂದೆ ಮೂರು ಸೆಂ.ಮೀ., ಹಿಂದೆ ಎಂಟು ಸೆಂ.ಮೀ. ಬರುವಂತೆ ಇಳಿಜಾರಾಗಿ ಹಾಕಿದೆ. ಇಷ್ಟರಿಂದಲೇ ಒಂದಡಿ ಅಗಲದ ತೊಟ್ಟಿ ಆಳವಾಗಿ ಕಾಣುತ್ತದೆ. ಕಣ್ಣು ಮೊದಲು ಹೋಗಿ ನಿಲ್ಲುವ ವಸ್ತು ನಟ್ಟನಡುವೆ ಇರಬಾರದಂತೆ. ಹಾಗಾಗಿ 60 ಸೆಂ.ಮೀ. ಉದ್ದದಲ್ಲಿ ಬಲಗಡೆಯಿಂದ 37 ಸೆಂ.ಮೀ. ದೂರಕ್ಕೆ ಮರದ ಬೇರಿನ ತುಂಡನ್ನು ಇಟ್ಟೆ. ಅದನ್ನು ಮೊದಲು ಎರಡು ವಾರ ಬಕೆಟ್ಟಿನಲ್ಲಿ ನೆನೆಸಿದ್ದೆ, ಇಲ್ಲದಿದ್ದರೆ ನೀರೆಲ್ಲ ಚಹಾ ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲಿ ದೊಡ್ಡದು, ಮಧ್ಯಮ, ಚಿಕ್ಕದು ಹೀಗೆ ಮೂರು ಕಲ್ಲು. ಕಲ್ಲಿನ ಮೇಲೆ ವಿನೆಗರ್ ಹನಿಸಿದಾಗ ಗುಳ್ಳೆ ಬಂದರೆ ಅದರಲ್ಲಿ ಸುಣ್ಣವಿದೆ, ನೀರನ್ನು ಗಡುಸು ಮಾಡುತ್ತದೆ ಎಂದರ್ಥ. ಟೆಟ್ರಾಗಳಿಗೆ ಮೆದು ನೀರೇ ಒಳ್ಳೆಯದು.

ಏಳು ಬಗೆಯ ಗಿಡ ನಾಲ್ಕಕ್ಕೆ ಇಳಿಯಿತು. ಹಿಂದೆ ಉದ್ದ ಎಲೆಯ ವ್ಯಾಲಿಸ್ನೇರಿಯಾ, ನಡುವೆ ಕ್ರಿಪ್ಟೊಕೊರಿನ್, ಮರದ ಮೇಲೆ ಅನೂಬಿಯಾಸ್ ಮತ್ತು ಜಾವಾ ಫರ್ನ್. ಕೊನೆಯ ಎರಡರ ಗೆಡ್ಡೆಯಂಥ ಕಾಂಡವನ್ನು ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ, ಮರಕ್ಕೆ ದಾರದಿಂದ ಕಟ್ಟಬೇಕು. ಮೊದಲ ಸಲ ಹೂತಿದ್ದೆ! ಬಲಗಡೆ ಮುಂಭಾಗದಲ್ಲಿ ಬರೀ ಮರಳು. ಅಲ್ಲಿ ಏನೂ ಇಲ್ಲ.

ಗೆಳತಿಯ ಫಿಲ್ಟರ್‌ನ ಹಳೇ ಸ್ಪಾಂಜಿನ ಒಂದು ತುಂಡನ್ನು ನನ್ನ ಫಿಲ್ಟರ್‌ಗೆ ಹಾಕಿ ಕಾಯತೊಡಗಿದೆ. ಕಾಯುವುದೇ ಕಷ್ಟ. ಎರಡನೇ ವಾರ ಕ್ರಿಪ್ಟೊಕೊರಿನ್ ಎಲೆಗಳೆಲ್ಲ ಕರಗಿಹೋದವು. ಕಿತ್ತು ಎಸೆಯಲು ಕೈ ಹಾಕಿದ್ದೆ. ಜಾಗ ಬದಲಾದಾಗ ಈ ಗಿಡ ಹೀಗೆ ಎಲೆ ಉದುರಿಸುವುದು ಸಹಜ, ಬೇರು ಬಿಟ್ಟರೆ ಚಿಗುರುತ್ತದೆ ಎಂದು ಗೆಳತಿ ತಡೆದಳು. ಮೂರನೇ ವಾರ ಗಾಜಿಗೆ ಪಾಚಿ ಹಿಡಿಯಿತು. ದಿನಕ್ಕೆ ಹತ್ತು ಗಂಟೆ ಉರಿಯುತ್ತಿದ್ದ ಲೈಟನ್ನು ಆರು ಗಂಟೆಗೆ ಇಳಿಸಿದೆ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದೆ. ಪಾಚಿ ಕಡಿಮೆಯಾಯಿತು, ಕ್ರಿಪ್ಟೊಕೊರಿನ್ ಚಿಗುರಿತು.

ಆರನೇ ವಾರ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ನಾಲ್ಕು ಮೀನುಗಳನ್ನು ಮನೆಗೆ ತಂದೆ. ಮೊದಲ ದಿನ ಬೇರಿನ ಕೆಳಗೇ ಅವಿತಿದ್ದವು. ಮರುದಿನ ಸಂಜೆ ಒಂದೊಂದಾಗಿ ಹೊರಬಂದು, ಏನೂ ಇಲ್ಲದ ಆ ಮರಳಿನ ಮೇಲೆ ಒಟ್ಟಾಗಿ ಸುಳಿದಾಡತೊಡಗಿದವು. ಆಗ ವಿಡಿಯೊ ಕಾಲ್ ಮಾಡಿ ಅಪ್ಪನಿಗೆ ತೋರಿಸಿದೆ. ‘ಹಾಂ, ಈಗ ಮೀನು ಕಾಣ್ತದೆ’ ಎಂದರು. ಅಷ್ಟೇ.

ತೊಟ್ಟಿಯ ಕೆಲಸ ಮುಗಿಯುವುದಿಲ್ಲ. ವ್ಯಾಲಿಸ್ನೇರಿಯಾ ಬಳ್ಳಿ ಬಿಟ್ಟು ಖಾಲಿ ಜಾಗಕ್ಕೆ ನುಗ್ಗುತ್ತಲೇ ಇರುತ್ತದೆ, ಭಾನುವಾರ ಕೂತು ಕೀಳುತ್ತೇನೆ. ತಿಂಗಳಿಗೊಮ್ಮೆ ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡುತ್ತೇನೆ. ಬಣ್ಣದ ಮೋಸ ಇಲ್ಲದಾಗ ಎಲ್ಲಿ ಗಿಡ ಗುಂಪುಗಟ್ಟಿದೆ, ಎಲ್ಲಿ ಕತ್ತರಿಸಬೇಕು ಎನ್ನುವುದು ಚೆನ್ನಾಗಿ ತಿಳಿಯುತ್ತದೆ. ನೀವೂ ಮಾಡಿ ನೋಡಿ. ಅಂಗಡಿಯಲ್ಲಿ ಹೊಸ ಗಿಡ ಕಂಡರೆ ಈಗಲೂ ಆಸೆಯಾಗುತ್ತದೆ. ಆದರೆ ಕೊಳ್ಳುವ ಮುನ್ನ ಇದಕ್ಕಾಗಿ ತೊಟ್ಟಿಯಿಂದ ಯಾವುದನ್ನು ತೆಗೆಯಲಿ ಎಂದು ಕೇಳಿಕೊಳ್ಳುತ್ತೇನೆ. ಹೆಚ್ಚಿನ ಸಲ ಬರಿಗೈಯಲ್ಲೇ ಮನೆಗೆ ಬರುತ್ತೇನೆ.