ಗುಡ್ಡದ ನೆತ್ತಿಯಲ್ಲಿ ಎರಡು ಕಡ್ಡಿ ಸಿಗ್ನಲ್!

ಜೋಯಿಡಾದ ಕಣಿವೆಯಲ್ಲಿ ಮೊಬೈಲ್ ತೆಗೆದರೆ ಎಷ್ಟೋ ಕಡೆ ನೆಟ್‌ವರ್ಕೇ ಇಲ್ಲ. ಗುಡ್ಡ ಹತ್ತಿ, ಅಗೋ, ಎರಡು ಕಡ್ಡಿ! ಇದೇನು ಮಾಯೆ? ಮೈಕ್ರೋವೇವ್ ಎಂಜಿನಿಯರಿಂಗಿನ ಮೊದಲ ಪಾಠಪುಸ್ತಕ ಬಿಡಿಸಿ ನೋಡಿ, ಇಲ್ಲಿನ ಕಾಳಿ ನದಿಯ ಕಣಿವೆಯೇ ಬೇರೆಯಾಗಿ ಕಾಣತೊಡಗುತ್ತದೆ.

ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ. 900 ಮೆಗಾಹರ್ಟ್ಸ್‌ನ ಮೊಬೈಲ್ ಅಲೆ ಸುಮಾರು 33 ಸೆಂಟಿಮೀಟರ್. ದಾಂಡೇಲಿಯ ಸಾಗುವಾನಿ ಎಲೆಯೂ ಹೆಚ್ಚುಕಡಿಮೆ ಅಷ್ಟೇ! ನೀರು ತುಂಬಿದ ಆ ಎಲೆಗಳು ಅಲೆಯನ್ನು ಹೀರುತ್ತವೆ, ಚದುರಿಸುತ್ತವೆ. ಮಳೆಯಲ್ಲಿ ತೊಯ್ದ ಕಾಡು ಇನ್ನಷ್ಟು ಹೀರುತ್ತದೆ. ಇಷ್ಟೆಲ್ಲ ದಾಟಿ ಮೊಬೈಲಿಗೆ ಉಳಿಯುವುದೆಷ್ಟು? ಸಿಗ್ನಲ್ಲಿನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ಅಳೆಯುತ್ತಾರೆ; ಮೈನಸ್ 100 ಡಿಬಿಎಂ ಎಂದರೆ ಒಂದು ವ್ಯಾಟಿನ ಹತ್ತು ಲಕ್ಷ ಕೋಟಿಯಲ್ಲಿ ಒಂದೇ ಪಾಲು. ಅಷ್ಟರಲ್ಲೇ ಅಮ್ಮನ ದನಿ ಕೇಳುತ್ತದೆ!

ಮುಂದಿನದು ಇನ್ನೂ ಸೋಜಿಗ. ಟವರಿನಿಂದ ಟವರಿಗೆ ಅಲೆ ಸಾಗಲು ನೇರ ಗೆರೆಯೊಂದಿದ್ದರೆ ಸಾಲದು. ತೇರಿಗೆ ಬೀದಿಯ ಅಗಲ ಬೇಕಾದಂತೆ ಅದಕ್ಕೂ ಸುತ್ತ ಜಾಗ ಬೇಕು. ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. 6 ಗಿಗಾಹರ್ಟ್ಸ್‌ನಲ್ಲಿ 10 ಕಿಲೋಮೀಟರ್ ದಾರಿಯಾದರೆ, ನಡುದಾರಿಯಲ್ಲಿ ಗೆರೆಯ ಸುತ್ತ ಸುಮಾರು 11 ಮೀಟರ್! ಮುಂಡಗೋಡ, ಹಳಿಯಾಳದ ಬಯಲುಗದ್ದೆಗಳ ಮೇಲೆ ಇದು ಸುಲಭ. ಜೋಯಿಡಾದಲ್ಲಿ ಗುಡ್ಡದ ಭುಜವೊಂದು ಅಡ್ಡ ಬಂದರೆ ಮುಗಿಯಿತು.

ಈ ಲೆಕ್ಕಗಳನ್ನು ಕಲಿಸುವ ಪುಸ್ತಕಗಳು ಹೊರದೇಶದಿಂದಷ್ಟೇ ಬಂದವೆಂದುಕೊಂಡಿರಾ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ಅವರು ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅಲ್ಲಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. 1982ರಲ್ಲಿ ನಿವೃತ್ತರಾದ ಮೇಲೂ ಬರೆದರು. 'ಎಲಿಮೆಂಟ್ಸ್ ಆಫ್ ಮೈಕ್ರೋವೇವ್ ಎಂಜಿನಿಯರಿಂಗ್' ಹೊರಬಂದದ್ದು 1986ರಲ್ಲಿ, ನಮ್ಮ ಹಳ್ಳಿಗಳಲ್ಲಿ ಮೊಬೈಲಿನ ಹೆಸರೂ ಕೇಳದ ಕಾಲದಲ್ಲಿ!

ಇಂದು ಹಳಿಯಾಳದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ, ಎಲೆಕ್ಟ್ರಾನಿಕ್ಸ್ ವಿಭಾಗವಿದೆ. ಅಲ್ಲಿ ಓದುವವರೇ, ಪರೀಕ್ಷೆ ಮುಗಿಯಿತೆಂದು ಮೈಕ್ರೋವೇವ್ ಪುಸ್ತಕ ಮಾರಿಬಿಡಬೇಡಿ. ರಜೆಯಲ್ಲಿ ಜೋಯಿಡಾ ಬಸ್ ಹತ್ತಿ. ಊರಂಚಿನ ಗುಡ್ಡದ ಬುಡದಲ್ಲೊಮ್ಮೆ, ನೆತ್ತಿಯಲ್ಲೊಮ್ಮೆ ಮೊಬೈಲ್ ತೋರಿಸುವ ಡಿಬಿಎಂ ಅಂಕಿ ಬರೆದುಕೊಳ್ಳಿ, ಪುಸ್ತಕದ ಲೆಕ್ಕದೊಡನೆ ತಾಳೆ ನೋಡಿ. ಟವರ್ ಎಲ್ಲಿ ನಿಲ್ಲಬೇಕೆಂದು ಆ ಊರಿನವರಿಗೆ ಹೇಳಬಲ್ಲವರು ನೀವೇ.