ಕೃಷ್ಣಾ ತೀರದಿಂದ ಸಿಂಗಪುರಕ್ಕೆ ಮೊದಲ ಪಯಣ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜಿನ ಹೆಸರು ಶ್ರಮಬಿಂದು ಸಾಗರ. ಬೇಸಿಗೆ ಬಂದರೆ ಬತ್ತುತ್ತಿದ್ದ ಹೊಳೆಯಲ್ಲಿ ನೀರು ನಿಲ್ಲಿಸಲು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ರೈತರೇ ದುಡಿದು 1989ರಲ್ಲಿ ಅದನ್ನು ಕಟ್ಟಿದರು. ಹೀಗೆಯೇ ನೀರು ಹಿಡಿಯಲು ಸಿಂಗಪುರ ತನ್ನ ನಗರದ ಎದೆಯಲ್ಲೇ ಮರೀನಾ ಬ್ಯಾರೇಜ್ ಕಟ್ಟಿದ್ದು 2008ರಲ್ಲಿ.

ಈ ಸೀಮೆಯಿಂದ ಮೊದಲ ಸಲ ವಿದೇಶಕ್ಕೆ ಹೊರಡುವವರ ಕೈಗೆ ಟೂರ್ ಕಂಪನಿಗಳು ಕೊಡುವ ಪಟ್ಟಿಯಲ್ಲಿ ಎತ್ತರದ ಕಟ್ಟಡ, ಮಾಲ್, ಥೀಮ್ ಪಾರ್ಕುಗಳೇ ತುಂಬಿರುತ್ತವೆ. ಅವನ್ನೂ ನೋಡಬಹುದು. ಆದರೆ ನೀರಿಗಾಗಿ ಬೆವರು ಹರಿಸಿದ ಊರಿನವರು ಸಿಂಗಪುರಕ್ಕೆ ಹೋಗಿ ಅಲ್ಲಿನ ನೀರಿನ ಕೆಲಸ ನೋಡದೆ ಬಂದರೆ ದೊಡ್ಡದನ್ನೇ ಬಿಟ್ಟು ಬಂದಂತೆ. ತಮ್ಮ ಬದುಕಿಗೆ ಹತ್ತಿರದ ಒಂದೆರಡು ಜಾಗಗಳನ್ನು ಮೊದಲು ಗೊತ್ತು ಮಾಡಿಕೊಂಡು ಉಳಿದದ್ದನ್ನು ಅವುಗಳ ಸುತ್ತ ಹೊಂದಿಸಿಕೊಂಡರೆ ಪ್ರವಾಸಕ್ಕೊಂದು ಗುರಿ ಇರುತ್ತದೆ.

ಮರೀನಾ ಬ್ಯಾರೇಜಿನ ಉದ್ದ 350 ಮೀಟರ್, ಬಾಗಿಲು ಒಂಬತ್ತು. ನದಿಗಳು ಕಡಲು ಸೇರುವ ಬಾಯಲ್ಲಿ ನಿಂತು ಅದು ಉಪ್ಪುನೀರನ್ನು ಹೊರಗಿಡುತ್ತದೆ, ಮಳೆನೀರನ್ನು ಒಳಗೆ ಹಿಡಿಯುತ್ತದೆ. ಜೋರು ಮಳೆ ಸುರಿದಾಗ ಕಡಲು ಇಳಿತದಲ್ಲಿದ್ದರೆ ಬಾಗಿಲು ತೆರೆದು ಹೆಚ್ಚಿನ ನೀರು ಬಿಡುತ್ತಾರೆ; ಭರತವಿದ್ದರೆ ದೊಡ್ಡ ಪಂಪುಗಳು ಆ ನೀರನ್ನು ಕಡಲಿಗೆ ಎತ್ತಿ ಹಾಕುತ್ತವೆ. ದ್ವೀಪದ ಆರನೆಯ ಒಂದು ಭಾಗದಲ್ಲಿ ಬಿದ್ದ ಮಳೆಯೆಲ್ಲ ಈ ಜಲಾಶಯಕ್ಕೇ ಬರುತ್ತದೆ.

ಬಾಗಲಕೋಟೆ ಜಿಲ್ಲೆಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾದರೆ ಸಿಂಗಪುರಕ್ಕೆ 2,000 ಮಿಲಿಮೀಟರ್ ಮೀರಿ ಮಳೆ. ಆದರೂ ಅಲ್ಲಿ ನೀರಿಗೆ ಕೊರತೆ, ಯಾಕೆಂದರೆ ಹಿಡಿದಿಡಲು ನೆಲವಿಲ್ಲ. ಹಾಗಾಗಿ 1962ರ ಒಪ್ಪಂದದಂತೆ ಮಲೇಷ್ಯಾದ ಜೊಹೋರ್‌ನಿಂದ ನೀರು ಬರುತ್ತದೆ; ಆ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಬಳಸಿದ ನೀರನ್ನೇ ಶುದ್ಧಗೊಳಿಸಿ ಮತ್ತೆ ಬಳಸುವ ‘ನ್ಯೂವಾಟರ್’ ಯೋಜನೆ 2003ರಿಂದ ನಡೆದಿದೆ. ಇನ್ನು ಮರೀನಾ ಬ್ಯಾರೇಜಿನ ಮಾಳಿಗೆ ಪೂರ್ತಿ ಹುಲ್ಲುಹಾಸು. ಸಂಜೆ ಮಕ್ಕಳು ಅಲ್ಲಿ ಗಾಳಿಪಟ ಹಾರಿಸುತ್ತಾರೆ, ಮೇಲೆ ಹೋಗಲು ಟಿಕೆಟ್ ಬೇಡ.

ಕಾಗದಪತ್ರದ ಕೆಲಸ ಪಾಸ್‌ಪೋರ್ಟಿನಿಂದ ಶುರು. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ದಿನಾಂಕ ಪಡೆದು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಬಹುದು. ಆಮೇಲೆ ಪೊಲೀಸ್ ಪರಿಶೀಲನೆ ಇರುತ್ತದೆ. ಉತ್ತರ ಕರ್ನಾಟಕದವರು ಅರ್ಜಿಗೆ ಮೊದಲು ನೋಡಬೇಕಾದದ್ದು ಹೆಸರು. ಆಧಾರ್‌ನಲ್ಲಿ ಅಡ್ಡಹೆಸರು ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ, ನಡುವೆ ಒಮ್ಮೆ ತಂದೆಯ ಹೆಸರು ಇದ್ದು ಒಮ್ಮೆ ಇಲ್ಲದಿದ್ದರೆ ಕೆಲಸ ನಿಂತುಹೋಗಬಹುದು. ಮೊದಲೇ ಸರಿಪಡಿಸಿಕೊಂಡರೆ ಓಡಾಟ ತಪ್ಪುತ್ತದೆ. ಹಳೆಯ ಪಾಸ್‌ಪೋರ್ಟ್ ಇದ್ದವರು ಅದಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿದೆಯೇ ನೋಡಿಕೊಳ್ಳಬೇಕು.

ಸಿಂಗಪುರಕ್ಕೆ ಭಾರತೀಯರು ಮೊದಲೇ ವೀಸಾ ಪಡೆದಿರಬೇಕು. ಭಾರತದಲ್ಲಿರುವ ಸಿಂಗಪುರದ ಹೈಕಮಿಷನ್ ಮಾನ್ಯ ಮಾಡಿದ ಏಜೆಂಟರ ಪಟ್ಟಿ ಅದರ ಅಧಿಕೃತ ಜಾಲತಾಣದಲ್ಲಿರುತ್ತದೆ. ದುಡ್ಡು ಕೊಡುವ ಮೊದಲು ಅದರಲ್ಲಿ ಏಜೆಂಟರ ಹೆಸರು ಹುಡುಕಿ ನೋಡುವುದು ಲೇಸು. ಇಳಿಯುವ ದಿನವೂ ಸೇರಿ ಅದಕ್ಕೆ ಮೊದಲಿನ ಮೂರು ದಿನದೊಳಗೆ ‘ಎಸ್‌ಜಿ ಅರೈವಲ್ ಕಾರ್ಡ್’ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು. ಅದು ಉಚಿತ. ಅದಕ್ಕೆ ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ.

ಚೀಲ ಕಟ್ಟುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳುವುದು ಈ ಕಡೆಯ ರೂಢಿ. ಆದರೆ ನಮ್ಮ ಅಡುಗೆಮನೆಯ ಗಸಗಸೆ ಸಿಂಗಪುರದಲ್ಲಿ ನಿಷಿದ್ಧ ವಸ್ತು. ಅಮೀನಗಡ, ಗೋಕಾಕಗಳ ಕರದಂಟಿಗೆ ಗಸಗಸೆ ಹಾಕುವುದುಂಟು. ಬೀಗರಿಗೆಂದು ಒಯ್ಯುವವರು ಅಂಗಡಿಯಲ್ಲೇ ಕೇಳಿ ತಿಳಿಯಬೇಕು. ಗುಟ್ಕಾ, ಜಗಿಯುವ ತಂಬಾಕು, ಇ-ಸಿಗರೇಟು, ಚ್ಯೂಯಿಂಗ್ ಗಮ್ ಯಾವುದನ್ನೂ ಒಯ್ಯುವಂತಿಲ್ಲ. ಮಾದಕ ವಸ್ತು ಸಾಗಿಸಿದವರಿಗೆ ಅಲ್ಲಿ ಮರಣದಂಡನೆಯೂ ಇದೆ. ಗುರುತಿಲ್ಲದವರು “ಈ ಗಂಟು ಅಲ್ಲಿ ನಮ್ಮವರಿಗೆ ಮುಟ್ಟಿಸ್ರಿ” ಎಂದರೆ ಕೈ ಮುಗಿದು ಬೇಡ ಎನ್ನಬೇಕು.

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ತಾಸು. ಜಮಖಂಡಿ, ಮುಧೋಳಗಳಿಂದ ರಾತ್ರಿ ಬಸ್ಸು ಹಿಡಿಯುವವರು ಬೆಂಗಳೂರಿನ ಟ್ರಾಫಿಕ್ಕನ್ನೂ, ಮೂರು ತಾಸು ಮೊದಲೇ ವಿಮಾನ ನಿಲ್ದಾಣ ತಲುಪಬೇಕೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಳಿಗ್ಗೆ ಬೆಂಗಳೂರಿಗೆ ಇಳಿದು ಅವತ್ತಿನ ರಾತ್ರಿ ವಿಮಾನ ಹತ್ತುವುದು ನೆಮ್ಮದಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ.

ಚಾಂಗಿ ವಿಮಾನ ನಿಲ್ದಾಣದೊಳಗೇ ಮೆಟ್ರೊ ನಿಲ್ದಾಣವಿದೆ. ವಿದೇಶಿ ವಹಿವಾಟಿಗೆ ಚಾಲೂ ಮಾಡಿಸಿದ ವೀಸಾ ಅಥವಾ ಮಾಸ್ಟರ್‌ಕಾರ್ಡನ್ನು ಗೇಟಿಗೆ ತಾಗಿಸಿದರೆ ಸಾಕು, ಟಿಕೆಟಿನ ಸಾಲಿಲ್ಲ. ಮೆಟ್ರೊದಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ತಪ್ಪಿದರೆ ದಂಡ 500 ಸಿಂಗಪುರ ಡಾಲರ್‌ವರೆಗೆ. ಒಂದು ಡಾಲರಿಗೆ 60 ರೂಪಾಯಿಗೂ ಮೇಲೆ ಎಂಬುದು ನೆನಪಿರಲಿ. ನಲ್ಲಿಯ ನೀರನ್ನು ನೇರ ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಕಿಲ್ಲ.

ಸಸ್ಯಾಹಾರಿಗಳಿಗೆ ಲಿಟಲ್ ಇಂಡಿಯಾದ ಸುತ್ತ ತಂಗುವುದು ಅನುಕೂಲ. ಸೆರಂಗೂನ್ ರಸ್ತೆಯ ಕೋಮಳ ವಿಲಾಸ 1947ರಿಂದ ಇಡ್ಲಿ, ದೋಸೆ, ಊಟ ಬಡಿಸುತ್ತಿದೆ. ಅದೇ ರಸ್ತೆಯಲ್ಲಿ ವೀರಮಾಕಾಳಿಯಮ್ಮನ ಗುಡಿ, ಶ್ರೀನಿವಾಸ ಪೆರುಮಾಳ್ ಗುಡಿಗಳಿವೆ. ತಮಿಳು ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲೊಂದಾದ್ದರಿಂದ ಬೋರ್ಡುಗಳಲ್ಲೂ ಕಾಣುತ್ತದೆ. ಹಲವು ಅಂಗಡಿಗಳು ಒಂದೇ ಸೂರಿನಡಿ ಇರುವ ಹಾಕರ್ ಸೆಂಟರುಗಳಲ್ಲಿ ಊಟ ಅಗ್ಗ. ಈ ಆಹಾರ ಸಂಸ್ಕೃತಿ 2020ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅಲ್ಲಿ ತರಕಾರಿ ಪದಾರ್ಥಕ್ಕೂ ಮೀನಿನ ರಸ, ಸೀಗಡಿಯ ಹಿಂಡಿ ಬೀಳಬಹುದು, ಕೇಳಿಯೇ ತಟ್ಟೆ ಹಿಡಿಯಬೇಕು. ಉಂಡ ಮೇಲೆ ತಟ್ಟೆಯನ್ನು ತಾವೇ ಕಟ್ಟೆಗೆ ಒಯ್ದಿಡುವುದು 2021ರಿಂದ ಕಡ್ಡಾಯ.

ರಬಕವಿ-ಬನಹಟ್ಟಿಯ ನೇಕಾರರಿಗೆ ಅರಬ್ ಸ್ಟ್ರೀಟಿಗೊಂದು ಅರ್ಧ ದಿನ ಇಟ್ಟುಕೊಳ್ಳುವ ಕಾರಣವಿದೆ. ಬಾಟಿಕ್, ರೇಷ್ಮೆ ಬಟ್ಟೆಗಳ ಹಳೆಯ ಅಂಗಡಿಗಳು ಸುಲ್ತಾನ್ ಮಸೀದಿಯ ಆಸುಪಾಸಿನಲ್ಲಿ ಸಾಲಾಗಿವೆ. ಯಾವ ಬಣ್ಣ, ಯಾವ ಅಂಚು ಎಷ್ಟಕ್ಕೆ ಹೋಗುತ್ತಿದೆ ಎಂದು ಮಗ್ಗದ ಮುಂದೆ ಕೂತವರ ಕಣ್ಣು ಬೇಗ ಹಿಡಿಯುತ್ತದೆ.

ವಯಸ್ಸಾದ ಅವ್ವ-ಅಪ್ಪ ಜೊತೆಗಿದ್ದರೆ ದಿನಕ್ಕೆ ಎರಡೇ ಜಾಗ ಸಾಕು: ಬೆಳಿಗ್ಗೆ ಒಂದು, ಬಿಸಿಲು ಇಳಿದ ಮೇಲೆ ಒಂದು. ವರ್ಷವಿಡೀ ಸೆಕೆ, ಯಾವಾಗಲಾದರೂ ಮಳೆ. ಡಿಸೆಂಬರಿನಲ್ಲಿ ಅದು ಇನ್ನೂ ಜೋರು. ಕೊಡೆ, ಹತ್ತಿ ಬಟ್ಟೆ, ದಿನನಿತ್ಯದ ಗುಳಿಗೆಗಳ ಜೊತೆ ವೈದ್ಯರ ಚೀಟಿ ಕೈಚೀಲದಲ್ಲೇ ಇರಬೇಕು. ಸಿಂಗಪುರದ ಕನ್ನಡ ಸಂಘ ಯುಗಾದಿ, ರಾಜ್ಯೋತ್ಸವಗಳನ್ನು ಆಚರಿಸುತ್ತ ಬಂದಿದೆ. ಟಿಕೆಟ್ ಮಾಡಿಸುವ ಮೊದಲು ತಾವು ಹೋಗುವ ದಿನಗಳಲ್ಲಿ ಸಂಘದ ಕಾರ್ಯಕ್ರಮ ಇದೆಯೇ ಎಂದು ವಿಚಾರಿಸಿದರೆ, ಅಲ್ಲೇ ಬದುಕು ಕಟ್ಟಿಕೊಂಡ ಕನ್ನಡದ ಮನೆಗಳವರನ್ನೂ ಕಂಡು ಮಾತಾಡಿಸಿ ಬರಬಹುದು.